ಮಸಿಯ ಬೆನ್ನಿಗೆ ಕೂದಲು ಬಂತು

ಮನೆಯಿಂದ,
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗೋಡೆಗಳ ತೇವಕ್ಕೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಜೈಲಿನ ಅಡುಗೆಮನೆಯಲ್ಲೂ ನಿನಗೆ ಹಿಟ್ಟು ನಾದುವ ಕೆಲಸವೇ ಸಿಕ್ಕಿತಂತೆ. ಬೇಕರಿಯವನ ಕೈ ಎಲ್ಲಿ ಹೋದರೂ ಹಿಟ್ಟನ್ನೇ ಹುಡುಕುತ್ತದಲ್ಲ ಎಂದು ಒಬ್ಬಳೇ ನಕ್ಕೆ. ನಾನು ಗಟ್ಟಿಯಾಗಿದ್ದೇನೆ. ಅಲ್ಲಿ ಅಂಚೆಯನ್ನು ಒಡೆದು ಓದುತ್ತಾರೆಂದು ಇದನ್ನು ವಕೀಲರ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ಭೇಟಿಯಲ್ಲಿ ಜಾಲರಿಗೆ ಹಣೆ ಒತ್ತಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಶುಕ್ರವಾರ ಬಿಡ್ತಾರೆ. ಮೊದ್ಲು ಆ ವೆಲ್ಡರ್ ಮನೆ, ಆಮೇಲೆ ನಮ್ಮನೆ. ಈ ಸಲ ಕೈಯಲ್ಲ ಅಕ್ಕಾ, ತಲೇನೇ ಒಡೀತೀನಿ.’ ಜಗಳದ ದಿನ ನಾನೂ ಹಿತ್ತಲಲ್ಲಿದ್ದೆ, ಮರೆಯಬೇಡ. ‘ಕಜ್ಜಿ ನಾಯಿ! ನನ್ ಮಗಳಿಗೂ ಹತ್ತಿಸ್ತಲ್ಲೋ’ ಎಂದು ಕೂಗುತ್ತ ಅವನು ಪಕ್ಕದ ಮನೆಯ ಗೋಡೆಯಾಚೆಯಿಂದ ಕುದಿಯುವ ನೀರು ಸುರಿದಾಗ ನಮ್ಮ ಮಸಿ ಚೀರಿದ್ದು ನಾಯಿಯ ದನಿಯಲ್ಲಿ ಅಲ್ಲ. ನೀನು ಗೋಡೆ ಹಾರಿದೆ. ಅವನದೇ ಕಬ್ಬಿಣದ ಸಲಾಕೆ ಹಿಡಿದು ಬಲಗೈಗೆ ಬಾರಿಸಿದೆ, ಬಿದ್ದ ಮೇಲೂ ಬಾರಿಸಿದೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನ ಪುಟ್ಟ ಮಗಳು ಬಾಗಿಲಲ್ಲಿ ನಿಂತೇ ಲಂಗ ಒದ್ದೆ ಮಾಡಿಕೊಂಡಿದ್ದಳು. ನೀನು ಅವಳನ್ನು ನೋಡಲೇ ಇಲ್ಲ.

ನಿನ್ನನ್ನು ಕರೆದುಕೊಂಡು ಹೋದ ಮೇಲೆ ಮಸಿಯನ್ನು ಚಾದರದಲ್ಲಿ ಸುತ್ತಿ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಒಯ್ದೆ. ಸುಟ್ಟ ಗಾಯಕ್ಕೆ ಮದ್ದು ಹಚ್ಚಿದರು. ಮೊದಲೇ ಕೂದಲು ಉದುರಿ ಹುಣ್ಣಾಗಿದ್ದ ಕಡೆಗಳಲ್ಲಿ ಚರ್ಮ ಕೆರೆದು, ಗಾಜಿನ ಮೇಲಿಟ್ಟು ಪರೀಕ್ಷೆ ಮಾಡಿದರು. ‘ಹುಳ ಇಲ್ಲ. ಇದು ಕಜ್ಜೀನೇ ಅಲ್ಲ. ಏನ್ ತಿನ್ನಿಸ್ತೀರಿ?’ ಎಂದರು. ಬನ್ನು ಎಂದೆ. ‘ಮತ್ತೆ?’ ಬನ್ನು, ಬಿಸ್ಕತ್ತು. ‘ಹೊಟ್ಟೆ ತುಂಬಿಸಿದ್ದೀರಮ್ಮ, ಚರ್ಮಕ್ಕೆ ಏನೂ ಕೊಟ್ಟಿಲ್ಲ’ ಎಂದು ಬೈದರು. ಕೂದಲು ಬೆಳೆಯುವುದಕ್ಕೆ ಮೊಟ್ಟೆ, ಮಾಂಸದ ಸತ್ವ ಬೇಕಂತೆ. ಮೀನೆಣ್ಣೆಯಂಥ ಜಿಡ್ಡಿಲ್ಲದಿದ್ದರೆ ಚರ್ಮ ಒಣಗಿ ಹೊಟ್ಟು ಏಳುತ್ತದಂತೆ, ತುರಿಕೆ ತಾಳದೆ ನಾಯಿ ತನ್ನನ್ನೇ ರಕ್ತ ಬರುವಂತೆ ಕಚ್ಚಿಕೊಳ್ಳುತ್ತದಂತೆ. ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಸ್ವಲ್ಪ ಕೋಳಿ, ಒಂದೊಂದಾಗಿ ಅಭ್ಯಾಸ ಮಾಡಿಸಿದೆ. ಎಷ್ಟೋ ವಾರ ಏನೂ ಕಾಣಲಿಲ್ಲ. ಆಮೇಲೊಂದು ಬೆಳಗ್ಗೆ ಬೆನ್ನು ಸವರುವಾಗ ಅಂಗೈಗೆ ನಯವಾದದ್ದೇನೋ ತಾಗಿತು. ಈಗ ಬಿಸಿಲಿಗೆ ನಿಂತರೆ ಮಿರಮಿರ ಮಿಂಚುತ್ತದೆ ನಿನ್ನ ಮಸಿ. ನೀರು ಬಿದ್ದ ಭುಜ ಮಾತ್ರ ಬೋಳು. ಅಲ್ಲಿ ಇನ್ನು ಕೂದಲು ಬಾರದು.

ಮುನಿಸಿಕೊಳ್ಳಬೇಡ. ದಿನವೂ ಬೇಕರಿಯಿಂದ ಅಂಗಿಯೊಳಗೆ ಬಚ್ಚಿಟ್ಟು ತರುತ್ತಿದ್ದೆಯಲ್ಲ, ನೀನೂ ತಿನ್ನದೆ ಮುರಿದು ಮುರಿದು ಅದರ ಬಾಯಿಗಿಡುತ್ತಿದ್ದೆಯಲ್ಲ, ಆ ಬನ್ನೇ ಅದನ್ನು ಬೋಳು ಮಾಡಿದ್ದು. ಮಗಳ ತುರಿಕೆಗೆ ಅವನು ನಾಯಿಯನ್ನು ಸುಟ್ಟ. ನಾಯಿಗಾಗಿ ನೀನು ಅವನ ಕೈ ಮುರಿದೆ. ಅವಳಿಗೆ ತುರಿಕೆ ಮಸಿಯಿಂದ ಹತ್ತಿದ್ದಲ್ಲ, ಮಸಿಯ ಹುಣ್ಣೂ ಯಾರೋ ಹೊರಗಿನವರಿಂದ ಬಂದದ್ದಲ್ಲ. ಇದಕ್ಕಾಗಿ ಒಂದು ತಲೆಯೂ ಉರುಳಬೇಕೆ?

ಅವನು ಒಳ್ಳೆಯವನಾಗಿದ್ದಾನೆ ಎಂದು ಹೇಳಲಾರೆ. ಡಾಕ್ಟರಮ್ಮ ಹೇಳಿದ್ದನ್ನು ಗೋಡೆಯ ಮೇಲಿಂದ ತಿಳಿಸಿದರೆ ‘ಅದಕ್ಕೆ ನನ್ ಕೈ ವಾಪಸ್ ಬರುತ್ತಾ? ಬರ್ಲಿ ನಿನ್ ತಮ್ಮ’ ಎಂದು ಉಗುಳಿ ಒಳಗೆ ಹೋದ. ಆ ಬಲಗೈ ಇನ್ನು ಮುಷ್ಟಿ ಕಟ್ಟುವುದಿಲ್ಲ. ನಿನ್ನ ಬಿಡುಗಡೆಯ ಸುದ್ದಿ ಬಂದಾಗಿನಿಂದ ಎಡಗೈಯಲ್ಲಿ ಮಚ್ಚು ಹಿಡಿದು ಹಿತ್ತಲಿನ ಹಳೇ ಟೈರನ್ನು ಕೊಚ್ಚುತ್ತಾನೆ. ಮೊದಮೊದಲು ಏಟು ಜಾರುತ್ತಿತ್ತು. ಈಗ ಜಾರುವುದಿಲ್ಲ.

ಮೈ ಜೋಪಾನ. ನಿನ್ನ ತಲೆಯ ಮೇಲೆ ನನ್ನ ಕೈಯಿದೆ ಅಂದುಕೋ.

ನಿನ್ನ,
ಅಕ್ಕ

ವಕೀಲರು ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಇದೊಂದು: ಶುಕ್ರವಾರ ಜೈಲಿನ ಹತ್ತಿರ ನಾನು ಬರುವುದಿಲ್ಲ. ಬೆಳಗ್ಗೆಯಿಂದಲೇ ವೆಲ್ಡರನ ಹೊಸಿಲ ಮೇಲೆ ಕೂತಿರುತ್ತೇನೆ, ಮಸಿಯೂ ಜೊತೆಗಿರುತ್ತದೆ. ನೀನು ಒಳಗೆ ಹೋಗುವುದಾದರೂ ಅವನು ಹೊರಗೆ ಬರುವುದಾದರೂ ನಮ್ಮನ್ನು ತುಳಿದೇ ಹೋಗಬೇಕು. ನಿನ್ನನ್ನು ಕಂಡ ಕೂಡಲೇ ಅದು ಓಡಿ ಬಂದು ನಿನ್ನ ಎದೆಗೆ ಹಾರುತ್ತದೆ. ಹಿಡಿದುಕೊಳ್ಳಲು ಎರಡೂ ಕೈ ಖಾಲಿ ಇಟ್ಟುಕೊಂಡು ಬಾ.