ಪುಟಗಳ ನಡುವಿನ ನೂಲು

ದೊಡ್ಡಬಳ್ಳಾಪುರ
ಶನಿವಾರ, ೨೨ ನವೆಂಬರ್ ೨೦೨೫

ಪ್ರೀತಿಯ ನವ್ಯ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನು ಮಾಡಬಹುದಿತ್ತು, ಬೆಳಗ್ಗೆಯಿಂದ ಮೂರು ಸಲ ನಿನ್ನ ನಂಬರು ತೆಗೆದು ಹಾಗೆಯೇ ಇಟ್ಟೆ. ನಿನ್ನ ದನಿ ಕೇಳಿದ ತಕ್ಷಣ ನನ್ನ ಬಾಯಿ ತಾನಾಗಿಯೇ 'ಎಲ್ಲ ಚೆನ್ನಾಗಿ ನಡೀತಿದೆ ಕಣೇ' ಅಂದುಬಿಡುತ್ತದೆ. ಬರೆಯುವಾಗ ಹಾಗೆ ಜಾರಿಕೊಳ್ಳುವುದು ಸ್ವಲ್ಪ ಕಷ್ಟ. ನಮ್ಮ ಡ್ರಿಲ್ ಮೇಷ್ಟ್ರು ಸೊಣ್ಣಪ್ಪನವರ ಹೆಂಡತಿಯ ತವರು ನಿನ್ನ ಅನುಗೊಂಡನಹಳ್ಳಿ ಶಾಲೆಯ ಹತ್ತಿರವೇ ಅಂತೆ. ನಾಳೆ ಬೆಳಗ್ಗೆ ಹೊರಡುತ್ತಾರೆ, ಅವರ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ.

ಶನಿವಾರದ ಅರ್ಧ ದಿನದ ಶಾಲೆ ಮುಗಿದು ಮಕ್ಕಳೆಲ್ಲ ಹೋದರು. ನಾನು ನಿನ್ನ ಲೈಬ್ರರಿ ರೂಮಿನಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಪೂರ್ತಿ ನಿಜವಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಕಿಟಕಿ ತನಕ ಹೋಗುತ್ತೇನೆ, ಮತ್ತೆ ಬಂದು ಓದಿಕೊಂಡರೆ ಬರೆದದ್ದು ಹಿಡಿಸುವುದಿಲ್ಲ. ಎದುರಿನ ಗೋಡೆಯ ಮೇಲೆ ನನ್ನ ಚಾರ್ಟು ಇದೆ. ಮೂವತ್ತೆಂಟು ಮಕ್ಕಳ ಹೆಸರು, ಒಬ್ಬೊಬ್ಬರ ಮುಂದೆ ಸಾಲಾಗಿ ಚಿನ್ನದ ಬಣ್ಣದ ನಕ್ಷತ್ರಗಳು. ಸೋಮವಾರ ಇದನ್ನು ನೋಡಲು ತಾಲ್ಲೂಕಿನ ಬೇರೆ ಶಾಲೆಗಳ ಮೇಷ್ಟ್ರುಗಳು, ಜೊತೆಗೆ ಇಬ್ಬರು ಅಧಿಕಾರಿಗಳು ಬರುತ್ತಿದ್ದಾರೆ. 'ಅನಿತ ಮೇಡಂ, ನಮ್ಮ ಸ್ಕೂಲಿನ ಮರ್ಯಾದೆ ನಿಮ್ಮ ಕೈಯಲ್ಲೈತೆ' ಎಂದು ಮುಖ್ಯ ಶಿಕ್ಷಕ ಮುನಿಕೃಷ್ಣ ಸರ್ ವಾರದಲ್ಲಿ ನಾಲ್ಕು ಸಲ ಹೇಳಿದ್ದಾರೆ.

ಈ ಚಾರ್ಟಿನ ವಿಷಯ ನಿನಗೆ ಫೋನಿನಲ್ಲಿ ಹೇಳಿಲ್ಲ. ಹೇಳಿದರೆ ನೀನು ಬೈಯುವುದಿಲ್ಲ, ಸುಮ್ಮನಾಗುತ್ತೀಯ. ಅದೇ ನನಗೆ ಹೆದರಿಕೆ.

ಜೂನ್‌ನಲ್ಲಿ ನಿನಗೆ ವರ್ಗವಾಗಿ ಲೈಬ್ರರಿಯ ಬೀಗದ ಕೈ ನನ್ನ ಕೈಗೆ ಬಂದಾಗ ನೀನು ಹೇಳಿದ್ದು ಒಂದೇ ಮಾತು. 'ಓದಿ ಆದಮೇಲೆ ಏನೂ ಕೇಳಬೇಡ.' ನನಗೆ ಅದು ಅರ್ಥವಾಗಲಿಲ್ಲ, ಅರ್ಥವಾದಂತೆ ತಲೆಯಾಡಿಸಿದೆ. ಕೇಳದಿದ್ದರೆ ಓದಿದರೋ ಇಲ್ಲವೋ ಗೊತ್ತಾಗುವುದು ಹೇಗೆ? ನೀನಿದ್ದಾಗ ಮಕ್ಕಳು ಚಾಪೆಯ ಮೇಲೆ ಬಿದ್ದುಕೊಂಡಿರುತ್ತಿದ್ದರು, ಒಬ್ಬನ ಕಾಲು ಇನ್ನೊಬ್ಬನ ಹೊಟ್ಟೆಯ ಮೇಲೆ. ಬಂದವರು ನೋಡಿದರೆ ಬಿಸಿಯೂಟ ಜಾಸ್ತಿಯಾಗಿ ಮಲಗಿದ್ದಾರೆ ಅನ್ನುತ್ತಿದ್ದರು. ನಾನು ಅದನ್ನು ಸರಿಮಾಡಲು ಹೊರಟೆ. ವಾರಕ್ಕೆ ಒಂದು ಪುಸ್ತಕ, ಶನಿವಾರ ಅರ್ಧ ಪುಟ ಸಾರಾಂಶ, ಸಾರಾಂಶ ಕೊಟ್ಟವರಿಗೆ ನಕ್ಷತ್ರ. ಒಂದೇ ತಿಂಗಳಲ್ಲಿ ಪುಸ್ತಕ ಪಡೆಯುವವರು ಎರಡರಷ್ಟಾದರು. ಮುನಿಕೃಷ್ಣ ಸರ್ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿದರು. ನಾನು ಉಬ್ಬಿಹೋದೆ, ಸುಳ್ಳು ಹೇಳುವುದಿಲ್ಲ. ಆರು ವರ್ಷಗಳ ಕಾಲ ಮಕ್ಕಳು 'ನವ್ಯ ಮಿಸ್, ನವ್ಯ ಮಿಸ್' ಎಂದು ನಿನ್ನ ಸೀರೆ ಸೆರಗು ಹಿಡಿದು ಓಡಾಡುವುದನ್ನು ಪಕ್ಕದ ತರಗತಿಯಿಂದ ನೋಡಿದವಳು ನಾನು.

ಅದಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿದೆ. ನೂಲು ತೆಗೆದೆ.

ನಿನಗೆ ನೆನಪಿದೆಯಲ್ಲ, ನಮ್ಮ ಬೀದಿಯ ಮಕ್ಕಳು ಓದು ನಿಲ್ಲಿಸಿದ ಪುಟಕ್ಕೆ ಮನೆಯ ಮಗ್ಗದಿಂದ ಒಂದು ಎಳೆ ನೂಲು ತಂದಿಡುತ್ತಿದ್ದರು. ಪುಸ್ತಕ ಮುಗಿದರೂ ಅದನ್ನು ತೆಗೆಯುತ್ತಿರಲಿಲ್ಲ. ಮುಂದಿನವರು ಬಿಚ್ಚಿ ನೋಡಿ, 'ಈ ನೇರಳೆ ಮಂಜೇಶ್ ಮನೇದು, ಅವ್ನು ಇಲ್ಲಿಗೆ ಬಂದು ನಿದ್ದೆ ಹೊಡ್ದವ್ನೆ' ಎಂದು ನಗುತ್ತಿದ್ದರು. ಯಾವ ಮನೆಯಲ್ಲಿ ಯಾವ ಬಣ್ಣದ ಸೀರೆ ಮಗ್ಗದ ಮೇಲಿದೆ ಎಂಬುದು ಎಲ್ಲರಿಗೂ ಗೊತ್ತಲ್ಲ. ನನಗೆ ಅದು ಕಸವಾಗಿ ಕಂಡಿತು. ನೇಯುವವರ ಮಗಳು ನಾನು, ನೆಲದ ಮೇಲೆ ಬಿದ್ದ ಎಳೆ ಕಂಡರೆ ಎತ್ತಿ ಬಿಸಾಡುವುದು ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಬೀಗದ ಕೈ ಬಂದ ವಾರವೇ ಕೂತು ಒಂದೊಂದೇ ಪುಸ್ತಕ ಕೊಡವಿ, ಎಲ್ಲ ನೂಲನ್ನೂ ಕಿತ್ತು, ಒಂದು ಕವರಿನ ತುಂಬ ತುಂಬಿ ಎಸೆದೆ. ಮಕ್ಕಳು ಬೈದುಕೊಂಡರೋ ಏನೋ, ನನಗೆ ಹೇಳಲಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮತ್ತೆ ಅಲ್ಲೊಂದು ಇಲ್ಲೊಂದು ನೂಲು ಬಂತು, ಅದನ್ನೂ ಕಿತ್ತೆ. ಆಮೇಲೆ ಬರುವುದು ನಿಂತೇಹೋಯಿತು. ಪರವಾಗಿಲ್ಲ, ಮಕ್ಕಳು ಅಚ್ಚುಕಟ್ಟು ಕಲಿತರು ಅಂದುಕೊಂಡೆ.

ಈ ಬುಧವಾರ ಪ್ರದರ್ಶನಕ್ಕಿಡಲು ಒಳ್ಳೆಯ ಪುಸ್ತಕ ಆರಿಸುತ್ತಿದ್ದೆ. ಒಂದನ್ನು ಬಿಚ್ಚಿದರೆ ನಡುವಿನ ಎಂಟು ಪುಟ ಮೇಲ್ಗಡೆ ಅಂಟಿಕೊಂಡೇ ಇವೆ. ಪ್ರೆಸ್ಸಿನವರು ಮಡಿಕೆ ಕತ್ತರಿಸಲು ಮರೆತಿದ್ದಾರೆ. ಆ ಪುಟಗಳನ್ನು ಯಾರೂ ಓದಿರಲು ಸಾಧ್ಯವೇ ಇಲ್ಲ. ಆದರೆ ಒಂಬತ್ತು ಮಕ್ಕಳು ಆ ಪುಸ್ತಕಕ್ಕೆ ಸಾರಾಂಶ ಬರೆದು ಒಂಬತ್ತು ನಕ್ಷತ್ರ ತಗೊಂಡಿದ್ದಾರೆ. ಹುಡುಕಿ ತೆಗೆದು ನೋಡಿದೆ. ಒಂಬತ್ತರಲ್ಲೂ ಕೊನೆಯ ಸಾಲು ಒಂದೇ: 'ಈ ಕಥೆಯಿಂದ ನಾವು ಸದಾ ಸತ್ಯವನ್ನೇ ನುಡಿಯಬೇಕೆಂದು ತಿಳಿಯುತ್ತದೆ.' ಮೊದಲು ನಗು ಬಂತು. ಆಮೇಲೆ ಕಪಾಟಿನ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದೆ. ಎಲ್ಲ ಶುಭ್ರವಾಗಿದ್ದವು. ಎಲ್ಲಿಯೂ ಒಂದು ಎಳೆ ಇಲ್ಲ.

ಬಿಂದುಶ್ರೀಯನ್ನು ನೀನು ಮರೆತಿರಲಾರೆ. ಐದನೇ ತರಗತಿಯಲ್ಲಿ ನಿನ್ನ ಹಿಂದೆ ಮುಂದೆ ಸುತ್ತುತ್ತಿದ್ದವಳು, ಈಗ ಏಳನೆಯದು. ಕರೆಂಟು ಹೋಗಿ ಮಗ್ಗ ನಿಂತಾಗ ಅಜ್ಜಿ ಅಕ್ಕಯ್ಯಮ್ಮನಿಗೆ ಕಥೆ ಓದಿ ಹೇಳುತ್ತಿದ್ದಳಲ್ಲ, ಅವಳೇ. ಅವರ ಮನೆಯಲ್ಲಿ ಕರೆಂಟಿದ್ದರೆ ಆರು ಮಗ್ಗದ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಈ ಚಾರ್ಟಿನಲ್ಲಿ ಅವಳೇ ಮೊದಲು. ಸೋಮವಾರ ಬಂದವರ ಎದುರು ನಿಂತು ಒಂದು ಪುಸ್ತಕದ ಕಥೆ ಹೇಳುವವಳೂ ಅವಳೇ ಎಂದು ಸರ್ ತೀರ್ಮಾನ ಮಾಡಿದ್ದಾರೆ. ಗುರುವಾರ ಅವಳನ್ನು ಕರೆದು, ನಿಜ ಹೇಳು, ಇಷ್ಟರಲ್ಲಿ ಎಷ್ಟು ಓದಿದ್ದೀಯ ಎಂದೆ. ಅವಳು ಅಳುಕಲಿಲ್ಲ. 'ಬರ್ಯಕ್ಕೇ ಟೈಮ್ ಸಾಲಲ್ಲ ಮಿಸ್, ಇನ್ನು ಓದೋದೆಲ್ಲಿ' ಎಂದಳು.

ಆಮೇಲೆ ಒಂದು ಪುಸ್ತಕದ ಹೆಸರು ಹೇಳಿದಳು. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಒಬ್ಬ ಮುದುಕಿ ಊರೂರು ಅಲೆಯುವ ಕಥೆ. ಆಗಸ್ಟ್‌ನಲ್ಲಿ ತಗೊಂಡು ಹೋಗಿ ಅಜ್ಜಿಗೆ ಓದುತ್ತಿದ್ದಳಂತೆ. ಆ ವಾರ ಕರೆಂಟು ಹೋದದ್ದು ಎರಡೇ ಸಲ, ಅರ್ಧವಾಗುವಷ್ಟರಲ್ಲಿ ಶನಿವಾರ ಬಂತು. ಇನ್ನೊಂದು ವಾರ ಇಟ್ಕೊಳ್ಳಾ ಮಿಸ್ ಎಂದು ಕೇಳಿದಾಗ ನಾನು ಬೇಡವೆಂದೆನಂತೆ. ಸಾರಾಂಶ ಬರಿ, ವಾಪಸ್ ಕೊಡು, ಬೇರೆ ತಗೊ. ನನಗೆ ಅದು ನೆನಪೇ ಇಲ್ಲ ನವ್ಯ. ಅವಳಿಗೆ ನಾನು ಆಗ ಉಟ್ಟಿದ್ದ ಸೀರೆಯ ಬಣ್ಣವೂ ನೆನಪಿದೆ. ಓದದೆ ಉಳಿದ ಅರ್ಧಕ್ಕೆ ಅವಳೇ ಒಂದು ಕೊನೆ ಕಟ್ಟಿ ಬರೆದಳು. ಎಮ್ಮೆ ದೇವಸ್ಥಾನದ ಹಿಂದೆ ಸಿಕ್ಕಿತು, ಮುದುಕಿ ಸುಖವಾಗಿದ್ದಳು. ನಾನು ಕೆಳಗೆ ಕೆಂಪು ಶಾಯಿಯಲ್ಲಿ 'ಬಹಳ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀಯ' ಎಂದು ಬರೆದು ನಕ್ಷತ್ರ ಅಂಟಿಸಿದೆ.

'ಸುಳ್ಳು ಬರ್ದಿದ್ದು ಬೇಕಂತ್ಲೇ ಮಿಸ್' ಎಂದಳು. 'ನಿಮ್ಗೆ ಕಥೆ ಗೊತ್ತಿರ್ತದೆ, ಇದಲ್ಲ ಕಣೇ ಅಂತ ಬೈತೀರಿ, ಬೈದು ನಿಜವಾದ್ದು ಹೇಳ್ತೀರಿ, ಅಜ್ಜಿಗೆ ಹೋಗಿ ಹೇಳಣ ಅಂದ್ಕೊಂಡಿದ್ದೆ. ನೀವು ಸ್ಟಾರ್ ಕೊಟ್ಬಿಟ್ರಿ.'

ಆ ಕಥೆ ನನಗೆ ಗೊತ್ತಿರಲಿಲ್ಲ. ಬರೀ ಆ ಕಥೆಯಲ್ಲ, ಈ ಕಪಾಟಿನ ಯಾವ ಕಥೆಯೂ ನನಗೆ ಗೊತ್ತಿಲ್ಲ. ನಾನು ಓದಿದ್ದೆಲ್ಲ ಪಾಠ, ಗೈಡು, ನೋಟ್ಸು. ಚಿಕ್ಕವಳಿದ್ದಾಗ ಕೈಯಲ್ಲಿ ಕಥೆ ಪುಸ್ತಕ ಕಂಡರೆ ಅಪ್ಪ, 'ಇದು ಪರೀಕ್ಷೆಗೆ ಬತ್ತದಾ' ಎಂದು ಕೇಳುತ್ತಿದ್ದ. ಬರುವುದಿಲ್ಲ ಎಂದರೆ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂರಿಸುತ್ತಿದ್ದ. ಮಕ್ಕಳಿಗೆ ಓದಿನ ರುಚಿ ಹತ್ತಿಸಬೇಕು ಎಂದು ಮೀಟಿಂಗಿನಲ್ಲಿ ಹತ್ತು ನಿಮಿಷ ಮಾತಾಡಿದ್ದೇನೆ. ಆ ರುಚಿ ಸಿಹಿಯೋ ಖಾರವೋ ನನಗೆ ಗೊತ್ತಿಲ್ಲ. ಬರೆಯುತ್ತಿದ್ದರೆ ನಾಚಿಕೆಯಾಗುತ್ತಿದೆ.

ಬಿಂದುಶ್ರೀ ತನ್ನ ಲೈಬ್ರರಿ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು, 'ಸೋಮ್ವಾರ ನಾನು ಬರಲ್ಲ ಮಿಸ್. ಅವ್ರ್ ಮುಂದೆ ಓದಿದೀನಿ ಅಂತ ಹೇಳಕ್ಕಾಗಲ್ಲ. ಇನ್ಮೇಲೆ ಪುಸ್ತಕಾನೂ ಬ್ಯಾಡ' ಎಂದು ಹೋದಳು. ಶುಕ್ರವಾರ, ಇವತ್ತು ಎರಡು ದಿನವೂ ಶಾಲೆಗೆ ಬಂದಿಲ್ಲ. ನಿನ್ನ ಲೈಬ್ರರಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದುತ್ತಿದ್ದ ಹುಡುಗಿ ನನ್ನ ಕೈಗೆ ಬಂದು ಐದು ತಿಂಗಳಿಗೆ ಪುಸ್ತಕ ಬೇಡ ಅಂದಳು. ಅವಳು ಮತ್ತೆ ಒಂದು ಪುಸ್ತಕ ಮುಟ್ಟದಿದ್ದರೆ ಸೋಮವಾರ ಯಾರು ಎಷ್ಟು ಚಪ್ಪಾಳೆ ತಟ್ಟಿದರೂ ನನಗೆ ಬೇಡ.

ನಿನ್ನ ಮೇಲೂ ಕೋಪವಿದೆ, ತಿಳಿದುಕೋ. ಏನೂ ಕೇಳಬೇಡ ಎಂದು ಹೇಳಿ ಹೋದವಳು ಯಾಕೆ ಎಂದು ಒಂದು ಮಾತು ಹೇಳಿಹೋಗಬಾರದಿತ್ತೇ? ಎಲ್ಲರೂ ನಿನ್ನ ಹಾಗೆ ಹುಟ್ಟಿರುತ್ತಾರೆ ಅಂದುಕೊಂಡೆಯಾ? ಇಲ್ಲಿಗೆ ನಿಲ್ಲಿಸುತ್ತೇನೆ. ಬೀಗ ಹಾಕಿ ಮನೆಗೆ ಹೋಗುತ್ತೇನೆ.

*

ಸಂಜೆ ಆರು ಗಂಟೆ, ಮನೆಯಿಂದ ಬರೆಯುತ್ತಿದ್ದೇನೆ.

ಮನೆಗೆ ಬಂದರೂ ಕೂರಲಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತೆ, ಉಕ್ಕಿತು. ಯೋಗಾನಂದ ಮಗ್ಗದ ಮುಂದಿನಿಂದಲೇ ನೋಡಿ, 'ಅದೇನು ಹಂಗೆ ಸುತ್ತುತಿದ್ದೀಯ, ಹೋಗಿ ಮುಗಿಸ್ಕೊಂಡು ಬಾ' ಎಂದರು. ಗಂಡನಿಗೆ ನಾನು ಏನೂ ಹೇಳಿರಲಿಲ್ಲ, ಆದರೂ ಅಂದರು. ಮೂರೂವರೆಗೆ ಕರೆಂಟು ಹೋಯಿತು. ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು. ನಾನು ಲೈಬ್ರರಿಯಿಂದ ತಂದಿದ್ದ ಆ ಎಮ್ಮೆಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಿಂದುಶ್ರೀಯ ಮನೆಗೆ ನಡೆದೆ.

ಅಕ್ಕಯ್ಯಮ್ಮ ರಾಟೆಯ ಮುಂದೆ ಕೂತು ಹಸಿರು ನೂಲು ಸುತ್ತುತ್ತಿದ್ದರು. ಹುಡುಗಿ ನನ್ನನ್ನು ನೋಡಿ ಒಳಗೆ ಹೋದಳು. ಶಾಲೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಬಂದಿದ್ದೇನೆ ಅಂದುಕೊಂಡಿರಬೇಕು. ನಾನು ಅಜ್ಜಿಯ ಹತ್ತಿರ ಕೂತು, ಕಥೆ ಎಲ್ಲಿಗೆ ನಿಂತಿತ್ತಮ್ಮ ಎಂದು ಕೇಳಿದೆ. 'ಮುದುಕಿ ಕೆರೆ ಏರಿ ಮ್ಯಾಕೆ ಹತ್ತಿದ್ಲು. ಕೆಳ್ಗಡೆ ಏನೋ ಕರ್ರಗೆ ಕಾಣ್ತಿತ್ತು. ಮೂರು ತಿಂಗ್ಳಾಯ್ತು ಕಣವ್ವ, ಪಾಪದವ್ಳು ಅಲ್ಲೇ ನಿಂತವ್ಳೆ' ಎಂದರು. ಬಿಂದು ತಾನೇ ಕಟ್ಟಿ ಹೇಳಿದ ಕೊನೆಯನ್ನು ಅವರು ನಂಬಿಯೇ ಇರಲಿಲ್ಲ. ಅಷ್ಟು ಅಲೆದ ಎಮ್ಮೆ ಗುಡಿ ಹಿಂದೆ ಯಾಕೆ ನಿಂತ್ಕತದೆ ಎಂದು ಮೊಮ್ಮಗಳನ್ನೇ ಬೈದರಂತೆ.

ಕೆರೆ ಏರಿಯ ಪುಟ ಹುಡುಕಿ ಓದಲು ಶುರುಮಾಡಿದೆ. ಮೊದಲು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದೆ. ಅಕ್ಕಯ್ಯಮ್ಮ 'ಮೆಲ್ಲಕ್ಕೆ ಓದವ್ವ, ಎಲ್ಗೆ ಓಡ್ತೀಯ' ಎಂದರು. ಕೆಳಗೆ ಕಂಡದ್ದು ಎಮ್ಮೆಯಲ್ಲ, ಬಂಡೆ. ಮುದುಕಿ ಆ ಬಂಡೆಯ ಮೇಲೆ ಕೂತು ಎಮ್ಮೆಯನ್ನು ಬೈಯಲು ಶುರುಮಾಡಿದಳು. ಅಕ್ಕಯ್ಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ನನಗೂ ತಡೆಯಲಾಗಲಿಲ್ಲ. ತಲೆ ಎತ್ತಿ ನೋಡಿದರೆ ಬಿಂದುಶ್ರೀ ಬಾಗಿಲಿಗೆ ಒರಗಿ ನಿಂತಿದ್ದಳು. ಸ್ವಲ್ಪ ಹೊತ್ತಾದಮೇಲೆ ಬಂದು ಪಕ್ಕದಲ್ಲಿ ಕೂತು, ನಾನು ತಪ್ಪು ಓದಿದ ಒಂದು ಪದ ತಿದ್ದಿದಳು. ಮುಂದಿನ ಪುಟ ಅವಳೇ ಓದಿದಳು. ಹೀಗೆ ಮೂವತ್ತು ಪುಟ ಓದಿದೆವು ನವ್ಯ. ಮುಂದೇನು, ಮುಂದೇನು ಎಂದು ಅವಳು ಪುಟ ತಿರುಗಿಸುವ ಮೊದಲೇ ನಾನು ಬಗ್ಗಿ ನೋಡುತ್ತಿದ್ದೆ. ನಲವತ್ತೆರಡು ವರ್ಷಕ್ಕೆ ಇದು ನನಗೆ ಹೊಸದು.

ಅಷ್ಟರಲ್ಲಿ ಕರೆಂಟು ಬಂತು. ಆರೂ ಮಗ್ಗ ಒಟ್ಟಿಗೆ ಹೊಡೆದುಕೊಳ್ಳಲು ಶುರುವಾಯಿತು. ಹುಡುಗಿಯ ತುಟಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳಲಿಲ್ಲ. ಅಕ್ಕಯ್ಯಮ್ಮ ರಾಟೆಯಿಂದ ಒಂದು ಎಳೆ ಹಸಿರು ನೂಲು ಹರಿದು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

ಬಿಂದುಶ್ರೀ ಬೀದಿ ತಿರುವಿನ ತನಕ ಬಂದಳು. ಸೋಮವಾರ ಏನು ಮಾಡುತ್ತೀಯ ಎಂದು ಕೇಳಿದೆ. 'ಕಥೆ ಹೇಳು ಅನ್ನಲ್ಲಾಂದ್ರೆ ಬರ್ತೀನಿ ಮಿಸ್. ಪುಸ್ತಕ ತರ್ತೀರಲ್ಲ?' ಎಂದಳು. ಅಲ್ಲಿಂದ ನೇರವಾಗಿ ಶಾಲೆಗೆ ಹೋಗಿ, ಬೀಗ ತೆಗೆದು, ಚಾರ್ಟು ಕಿತ್ತೆ. ಗೋಡೆಯ ಸುಣ್ಣವೂ ಅದರ ಜೊತೆ ಬಂತು, ಈಗ ಅಲ್ಲಿ ನೋಡುವ ಹಾಗಿಲ್ಲ. ಮುನಿಕೃಷ್ಣ ಸರ್‌ಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕು, ಬೈಸಿಕೊಳ್ಳಬೇಕು. ಸೋಮವಾರ ಬಂದವರಿಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಚಾಪೆ ಹಾಸಿ ಮಕ್ಕಳನ್ನು ಬಿಟ್ಟುಬಿಡುತ್ತೇನೆ, ಬಂದವರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡರೆ ಅಂದುಕೊಳ್ಳಲಿ. ಭಯವಾಗುತ್ತಿದೆ. ನೀನಿದ್ದಿದ್ದರೆ ಚೆನ್ನಾಗಿತ್ತು.

ಬೈದಾದರೂ ಒಂದು ಕಾಗದ ಬರಿ. ಸುಮ್ಮನಾಗಬೇಡ.

ನಿನ್ನ
ಅನಿತ

ಮರೆತೆ ಅಂತಲ್ಲ, ಬರೆಯಲು ಧೈರ್ಯ ಬರಲಿಲ್ಲ: ಎಮ್ಮೆ ಎಂದು ಓದಿದಾಗಲೇ ನಿನಗೆ ಗೊತ್ತಾಗಿರುತ್ತದೆ. ನೀನು ಹೊರಡುವ ದಿನ ನನಗೆ ಉಡುಗೊರೆ ಕೊಟ್ಟ ಪುಸ್ತಕವೇ ಅದು. ಬಿಚ್ಚಿಯೂ ನೋಡದೆ ಉಳಿದವುಗಳ ಜೊತೆ ಲೈಬ್ರರಿಗೆ ಸೇರಿಸಿದೆ. 'ಅನಿತಳಿಗೆ, ಇದರ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ' ಎಂದು ನೀನು ಮೊದಲ ಪುಟದಲ್ಲಿ ಬರೆದದ್ದರ ಮೇಲೆಯೇ ಶಾಲೆಯ ಮೊಹರು ಬಿದ್ದಿದೆ, ಒತ್ತಿದವಳು ನಾನೇ. ಬಿಂದುಶ್ರೀ ಅದನ್ನು ಓದಿದ್ದಳು. ಇದು ಮಿಸ್‌ದೇ ಪುಸ್ತಕ, ಮಿಸ್‌ಗೆ ಕೊನೆ ಗೊತ್ತೇ ಇರುತ್ತದೆ ಎಂದು ಅವಳು ನಂಬಿದ್ದು ಅದಕ್ಕೆ. ಜುಲೈನಲ್ಲಿ ನೀನು ಫೋನು ಮಾಡಿ ಪುಸ್ತಕ ಹೇಗಿತ್ತು ಎಂದು ಕೇಳಿದಾಗ, ಕೊನೆ ಓದಿ ಕಣ್ಣಲ್ಲಿ ನೀರು ಬಂತು ಎಂದೆ. ನೀನು ಪುಸ್ತಕದ ಮಾತು ಬಿಟ್ಟು, ನಿಮ್ಮ ಕಡೆ ಮಳೆ ಹೇಗಿದೆ ಎಂದು ಕೇಳಿದೆ. ಆ ಮುದುಕಿಯನ್ನು ಇಷ್ಟು ದೂರ ನೋಡಿದ ಮೇಲೆ ಕೊನೆಯಲ್ಲಿ ಅಳುವಂಥದ್ದು ಏನೂ ಇಲ್ಲವೇನೋ ಎಂದು ಈಗ ಅನುಮಾನ ಬರುತ್ತಿದೆ. ಇದೆಯೋ ಇಲ್ಲವೋ ಹೇಳಬೇಡ. ತೊಂಬತ್ತೊಂದನೇ ಪುಟದಲ್ಲಿ ನಮ್ಮ ನೂಲಿದೆ.