ಇಳಿದುಬಿಡು ಅಣ್ಣ

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ

ಅಣ್ಣನ ಅಂಗಿ ಇಸ್ತ್ರಿ ಆಯಿತು. ಕಾಫಿ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಮೂಸಿ ನೋಡಿದ್ದೂ ಆಯಿತು. ಕುಡಿತದ ವಾಸನೆ ಇದೆ, ಆದರೆ ನಿನ್ನೆಯದು. ನಿನ್ನೆಯದಾದರೆ ಪರವಾಗಿಲ್ಲ... ಎಂಥ ಲೆಕ್ಕಕ್ಕೆ ಬಂದು ನಿಂತೆ ನಾನು.

ಅತ್ತಿಗೆ ಬಿಟ್ಟುಹೋದಾಗ ಅಣ್ಣನ ಈ ಮೇಯರ್ ಬಂಗಲೆಗೆ ಬಂದವಳು ನಾನು. ಒಂದಾರು ತಿಂಗಳು ಅಂದುಕೊಂಡಿದ್ದೆ. ಐದು ವರ್ಷವಾಯಿತು. ಯಾರನ್ನೂ ಮನೆಗೆ ಕರೆಯುವಂತಿಲ್ಲ. ಸ್ಟಾಫ್‌ರೂಮಿಗೆ ಕಾಲಿಟ್ಟರೆ ಮಾತು ಹವಾಮಾನಕ್ಕೆ ತಿರುಗುತ್ತದೆ. ಭೂಗೋಳದ ಟೀಚರ್ ಅಲ್ಲವೇ, ನನ್ನ ವಿಷಯವೇ ಅನ್ನಬೇಕು.

ಸಂಜೆ ಸಂತಾಪ ಸಭೆ. ಗೋದಾಮಿನ ಬೆಂಕಿಯಲ್ಲಿ ಸತ್ತ ನಾಲ್ವರಿಗೆ — ಮೂವರು ಕೆಲಸಗಾರರು, ಅವರನ್ನು ಉಳಿಸಲು ಹೋದ ಒಬ್ಬ ಫೈರ್‌ಮನ್. “ನಾಲ್ಕು ಮಾತಾಡಿ ಬಂದ್ಬಿಡ್ತೀನಿ ಪುಟ್ಟಿ” ಎಂದ. ಐವತ್ತಾದರೂ ಪುಟ್ಟಿಯೇ.

ಮಾರ್ಚ್ ೫

ಸ್ಟಾಫ್‌ರೂಮಿನಲ್ಲಿ ಎಲ್ಲರೂ ಒಂದೇ ಫೋನಿನ ಮೇಲೆ ಬಾಗಿದ್ದರು. ನನ್ನನ್ನು ಕಂಡು ಆರಿಸಿದರು. ಟಾಯ್ಲೆಟ್ಟಿಗೆ ಹೋಗಿ ನನ್ನ ಫೋನಿನಲ್ಲಿ ನಾನೂ ನೋಡಿದೆ, ನಿನ್ನೆಯ ಸಭೆಯ ವಿಡಿಯೋ.

ಸತ್ತ ಫೈರ್‌ಮನ್‌ನ ಹೆಂಡತಿಯ ಮುಂದೆ ನಿಂತಿದ್ದಾನೆ ಅಣ್ಣ. ತೂರಾಡುತ್ತ ಹೇಳುತ್ತಾನೆ — “ನಿಮ್ಮ ಯಜಮಾನ್ರಿಗೆ ನಾನು ಕೇಳಿದೆ ಅಂತ ಹೇಳಿ.” ಆಮೇಲೆ ಯಾಕೋ ನಗುತ್ತಾನೆ. ಆಕೆ ತಲೆಯಾಡಿಸುತ್ತಾಳೆ. ಆಯಿತು ಎನ್ನುವ ಹಾಗೆ.

ಪತ್ರಿಕೆಯವರ ಫೋನು. “ಶುಗರ್ ಇಳಿದಿತ್ತು” ಎಂದೆ. ಬಾಯಿಪಾಠ.

ಮಾರ್ಚ್ ೭

ಊರಿಡೀ ಅದೇ ಮಾತು. ರಾಜೀನಾಮೆ ಕೊಡಲಿ — ಬೇಡ — ಕೊಡಲಿ. ಹಾಲಿನವನು ಮಾತ್ರ ಅಣ್ಣನ ಕಡೆ. “ಗುಡ್ಡದ ಮೇಲಿನ ಮನೆಗಳಿಗೆ ನೀರು ಹತ್ತಿಸಿದ್ದು ಯಾರು ಟೀಚರ್? ಇವ್ರು ಕುಡಿದೂ ನೀರು ಕೊಟ್ರು. ಕುಡೀದೇ ಇದ್ದೋರು ಏನ್ ಕೊಟ್ರು?” ನಗು ಬಂತು. ಬಾಗಿಲು ಹಾಕಿದ ಮೇಲೆ ಅಳುವೂ ಬಂತು.

ಸಂಜೆ ಉಪಮೇಯರ್ ಬಂದರು, ಅಣ್ಣನೇ ಬೆಳೆಸಿದ ಶಿಷ್ಯ. “ಅಕ್ಕಾ, ಗುರುಗಳಿಗೆ ನೀವೇ ಹೇಳ್ಬೇಕು. ನಾವು ಹೇಳಿದ್ರೆ ಕುರ್ಚಿ ಆಸೆಗೆ ಅಂತಾರೆ.”

“ಆಸೆ ಇಲ್ವಾ?”

ಕಾಫಿ ಲೋಟದ ತಳ ನೋಡುತ್ತ ಕೂತರು.

ಮಾರ್ಚ್ ೮

ಶಾಲೆಗೆ ಹೋಗಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬೆಲ್. ಬಾಗಿಲಲ್ಲಿ ಆಕೆ. ಫೈರ್‌ಮನ್‌ನ ಹೆಂಡತಿ. ಬೈಯಲಿ ಎಂದುಕೊಂಡೇ ಒಳಗೆ ಕರೆದೆ.

ಬೈಯಲಿಲ್ಲ. “ಸಾಹೇಬ್ರು ರಾಜೀನಾಮೆ ಕೊಡಬಾರ್ದು. ಗೋದಾಮಿಗೆ ಹೊರಗಿಂದ ಬೀಗ ಹಾಕಿತ್ತು. ತನಿಖೆ ಆಗ್ಲೇಬೇಕು ಅಂದೋರು ಇವ್ರೊಬ್ರೇ. ಇವ್ರು ಹೋದ್ರೆ ಮುಚ್ಚಿಹಾಕ್ತಾರೆ.”

“ಅಷ್ಟು ಜನರ ಮುಂದೆ ನಿಮಗೆ ಹಾಗಂದನಲ್ಲಮ್ಮ...”

“ನಮ್ಮನೆಯವ್ರೂ ಕುಡೀತಿದ್ರು ಟೀಚರ್. ಕುಡಿದೋರ ಮಾತು ಹೇಗೆ ಕೇಳ್ಬೇಕು ಅಂತ ನನಗೆ ಗೊತ್ತು.” ಸೆರಗು ಸರಿಪಡಿಸಿಕೊಂಡು, “ಅವ್ರನ್ನ ಒಂದ್ಸಲ ನೋಡಬಹುದಾ?”

“ಆಫೀಸಿಗೆ ಹೋಗಿದ್ದಾನೆ” ಎಂದೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೆಮ್ಮು. ಮಂಚ ಕಿರುಗುಟ್ಟಿದ ಸದ್ದು. ಇಬ್ಬರೂ ಕೇಳಿಸಿಕೊಂಡೆವು.

ಹೋಗುವಾಗ ನನ್ನ ಭುಜ ಮುಟ್ಟಿದಳು. ಸಮಾಧಾನ ಯಾರು ಯಾರಿಗೆ ಹೇಳಬೇಕಿತ್ತು.

ಮಾರ್ಚ್ ೯, ಭಾನುವಾರ

ಹೇಳಿದೆ. ಅಣ್ಣ ಸ್ನಾನ ಮುಗಿಸಿ ಬಂದಾಗ, ಕಣ್ಣು ಸ್ವಲ್ಪ ತಿಳಿಯಾಗಿದ್ದಾಗ.

“ಕುಡಿದು ನಾನು ಯಾವ ಕೆಲಸ ಕೆಡಿಸಿದ್ದೀನಿ? ಒಂದು ಹೇಳು.”

ನಿಜಕ್ಕೂ ಒಂದೂ ನೆನಪಾಗಲಿಲ್ಲ.

“ಈ ಕೆಲಸ ಇರೋದಕ್ಕೆ ಸಂಜೆವರೆಗಾದ್ರೂ ಕಾಯ್ತೀನಿ ಪುಟ್ಟಿ. ಇದೂ ಹೋದ್ರೆ ಬೆಳಿಗ್ಗೇನೇ ಶುರು.”

“ಬೆಳಿಗ್ಗೇನೇ ಶುರುವಾಗಿದೆ ಅಣ್ಣ. ನಿನಗೆ ಗೊತ್ತಾಗ್ತಿಲ್ಲ, ಅಷ್ಟೆ.”

ಟವೆಲ್ ಕುರ್ಚಿಯ ಮೇಲೆ ಹರವಿದ. ಆಮೇಲೆ — “ಹಾಗಾದ್ರೆ ತನಿಖೆ? ಆಯಮ್ಮನಿಗೆ ಏನ್ ಹೇಳ್ಲಿ?”

“ನಿನ್ನೆ ಬಂದಿದ್ಲು. ನೀನು ಹೋದ್ರೆ ಮುಚ್ಚಿಹಾಕ್ತಾರೆ ಅಂದ್ಲು. ಹನ್ನೊಂದು ಗಂಟೆ. ನೀನು ಎದ್ದಿರಲಿಲ್ಲ. ತನಿಖೆ ಮಾಡಿಸೋಕೆ ಮೊದಲು ಎದ್ದು ನಿಲ್ಲಬೇಕಲ್ಲ... ಇಳಿದುಬಿಡು ಅಣ್ಣ.”

“ನೀನೂನಾ.”

ಬಾಗಿಲು ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೨

ಕೊಟ್ಟುಬಿಟ್ಟ.

ರಜೆ ಹಾಕಿ ಪಾಲಿಕೆ ಸಭೆಯ ಗ್ಯಾಲರಿಯಲ್ಲಿ ಕೂತಿದ್ದೆ. ‘ಅನಾರೋಗ್ಯದ ಕಾರಣ’ ಎಂದು ಆಫೀಸಿನವರು ಬರೆದುಕೊಟ್ಟಿದ್ದರು. ಆ ಹಾಳೆ ಮಡಿಸಿ ಪಕ್ಕಕ್ಕಿಟ್ಟ. “ನಾನು ಕುಡೀತೀನಿ. ಬಿಡೋಕೆ ಆಗ್ತಿಲ್ಲ. ಸತ್ತೋರ ಮನೆಯವರ ಮುಂದೆ ನಗಾಡಿದೆ. ಹೋಗ್ತಾ ಇದ್ದೀನಿ. ತನಿಖೆ ಮಾತ್ರ ನಿಲ್ಲಿಸಬೇಡಿ.” ಇಷ್ಟೇ. ಇಷ್ಟು ಚೆನ್ನಾಗಿ ಅವನು ಮಾತಾಡಿದ್ದನ್ನು ಕೇಳಿ ವರ್ಷಗಳಾಗಿದ್ದವು. ವಿರೋಧಿಗಳೂ ಎದ್ದು ನಿಂತರು.

ಅಲ್ಲಿಂದಲೇ ಕುಡಿತ ಬಿಡಿಸುವ ಆಸ್ಪತ್ರೆಗೆ. ಕಾರು ಹತ್ತುವಾಗ ನನ್ನ ಕಡೆ ನೋಡಲಿಲ್ಲ.

ಮಾರ್ಚ್ ೩೧

ಬಂಗಲೆ ಖಾಲಿ ಮಾಡಿದೆ. ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ. ಹಗಲೆಲ್ಲ ಮಿಷನ್ ಸದ್ದು. ಅದು ನಿಂತಾಗ ಏನು ಮಾಡಬೇಕೋ ತಿಳಿಯುವುದಿಲ್ಲ.

ಅಣ್ಣನಿಂದ ಫೋನಿಲ್ಲ. ನಾನು ಮಾಡಿದರೆ ನರ್ಸ್ ಎತ್ತುತ್ತಾಳೆ. “ಈಗ ಬೇಡವಂತೆ ಮೇಡಂ.”

ಏಪ್ರಿಲ್ ೨೦, ಭಾನುವಾರ. ಸಂಜೆ

ಬಾ ಎಂದು ಹೇಳಿಕಳಿಸಿದ್ದ. ಎರಡು ಬಸ್ಸು ಬದಲಿಸಿ ಹೋದೆ. ಇಳಿದುಹೋಗಿದ್ದಾನೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ.

ಮೊದಲ ಮಾತೇ — “ತನಿಖೆ ಎಲ್ಲಿಗೆ ಬಂತು?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. “ನಿಲ್ಲಿಸಿಬಿಟ್ರು ಅಣ್ಣ. ಹೋದ ವಾರ. ಶಾರ್ಟ್ ಸರ್ಕ್ಯೂಟ್ ಅಂತ ಬರೆದ್ರಂತೆ.”

ಕಿಟಕಿಯಾಚೆ ನೋಡುತ್ತ ಕೂತ. “ಆಯಮ್ಮ ಹೇಳಿದ್ದು ಸರಿ. ನೀನು ಹೇಳಿದ್ದೂ ಸರಿ. ಇನ್ನು ಇದನ್ನ ಕುಡೀದೆ ತಡ್ಕೋಬೇಕು, ನೋಡು.”

ಕಿತ್ತಳೆ ಸುಲಿದುಕೊಟ್ಟೆ. ತಿಂದ. ತಿನ್ನುತ್ತ ತಿನ್ನುತ್ತ, “ನಿನ್ನ ಶಾಲೆ ಹೇಗಿದೆ ಪುಟ್ಟಿ? ಈ ವರ್ಷ ಏನ್ ಪಾಠ ಮಾಡ್ದೆ?”

ಈ ಐದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತಡವರಿಸಿ ಶುರು ಮಾಡಿದೆ, ಅಷ್ಟರಲ್ಲಿ ಭೇಟಿಯ ಸಮಯ ಮುಗಿಯಿತು ಎಂದರು. “ಮುಂದಿನ ವಾರ ಹೇಳು” ಎಂದ.

ಬಸ್ಸಿನಲ್ಲಿ ಉಳಿದದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದೆ. ಮೊದಲು ಎಂಟನೆಯ ತರಗತಿಯ ಆ ತಲೆಹರಟೆ ಹುಡುಗಿ, ಸಮುದ್ರಕ್ಕೆ ಗಡಿ ಯಾರು ಹಾಕಿದ್ದು ಟೀಚರ್ ಎಂದು ಕೇಳಿದಳಲ್ಲ, ಅದನ್ನು ಹೇಳಬೇಕು. ಆಮೇಲೆ...