ಕಂದು ವೈರ್, ಹಸಿರು ವೈರ್

ಮಾರ್ಚ್ 9, ಸೋಮವಾರ. ಸಂಜೆ 6

ಮೂರು ಬೈಕ್ ಮುಗಿಸಿದೆ. ಒಂದರ ಹಾರ್ನ್, ಒಂದರ ಬ್ರೇಕ್ ಲೈಟ್. ಮೂರನೆಯದು ಸ್ಟಾರ್ಟೇ ಆಗುತ್ತಿರಲಿಲ್ಲ — ಇಲಿ ಕಡಿದ ವೈರ್. ಇಲಿಗೆ ಬಣ್ಣದ ಚಿಂತೆಯಿಲ್ಲ. ಅದು ಪುಣ್ಯ ಮಾಡಿದೆ.

ನಾಲ್ಕಕ್ಕೆ ಪಾರ್ಸೆಲ್ ಬಂತು. ಮಾವ ತಮ್ಮ ಮಗಳ ರೇಸ್ ಬೈಕಿಗೆಂದು ತರಿಸಿದ ಫ್ಯುಯೆಲ್ ಕಂಟ್ರೋಲರ್. ಸೋಪಿನ ಡಬ್ಬಿಯಷ್ಟು ಕರಿ ಬಾಕ್ಸ್. ಎಂಜಿನ್ನಿಗೆ ಎರಡು ಸಿಲಿಂಡರ್. ಯಾವುದಕ್ಕೆ ಎಷ್ಟು ಪೆಟ್ರೋಲ್ ಎಂದು ಇನ್ನು ಇದು ಹೇಳುತ್ತದಂತೆ. ರೇಸ್ ಭಾನುವಾರ.

"ನನ್ನ ಕಣ್ಣಿಗೆ ಪೊರೆ ಬಂದಿದೆ ಕಣೋ. ವೈರಿಂಗ್ ಎಲ್ಲ ನಿಂದೇ. ನಿನ್ನ ಕಣ್ಣೇ ನನ್ನ ಕಣ್ಣು," ಎಂದರು ಮಾವ.

ನನ್ನ ಕಣ್ಣು! ಅಮ್ಮನ ತಮ್ಮ ಎಂಬ ಸಲುಗೆಯಲ್ಲಿ ಮಾವನ ಈ ಗ್ಯಾರೇಜಿಗೆ ಸೇರಿ ಹದಿನಾಲ್ಕು ವರ್ಷ. ವೈರ್ ಕೆಲಸಕ್ಕೇ ಸೇರಿದೆ. ನನಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ಕೆಸರು. ಗೊತ್ತಿರುವುದು ಹೆಂಡತಿಗೆ ಮಾತ್ರ. ಮಾಮೂಲಿ ಬೈಕಿನಲ್ಲಿ ಯಾವ ವೈರ್ ಎಲ್ಲಿ ಕೂತಿರುತ್ತದೆ ಎಂಬುದು ಬಾಯಿಪಾಠ. ಹೊಸ ಸಾಮಾನು ಬಂದರೆ ಮನೆಗೆ ಒಯ್ಯುತ್ತೇನೆ, ಅವಳು ದಾರದ ಗಂಟು ಹಾಕಿ ಕೊಡುತ್ತಾಳೆ. ಹಸಿರಿಗೆ ಒಂದು, ಕೆಂಪಿಗೆ ಎರಡು, ಕಂದಿಗೆ ಮೂರು. ಈಗ ತಂಗಿಯ ಹೆರಿಗೆಗೆಂದು ಹೋದವಳು, ತಿಂಗಳ ಕೊನೆಗೆ ಬರುತ್ತಾಳೆ.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ, ಊಟದ ಹೊತ್ತು

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಡೆಯ ಪ್ಲಗ್‌ಗಳು ಸಲೀಸು. ಒಂದೊಂದರ ಆಕಾರ ಒಂದೊಂದು, ತಪ್ಪಿ ಕೂರುವುದೇ ಇಲ್ಲ. ಉಳಿದದ್ದು ಇಗ್ನಿಷನ್. ಕಿಡಿ ಕೊಡುವ ಕಾಯಿಲ್ ಎರಡು, ಸಿಲಿಂಡರಿಗೊಂದು. ಯಾವ ಸಿಲಿಂಡರಿನಲ್ಲಿ ಯಾವಾಗ ಕಿಡಿ ಹಾರಿತು ಎಂದು ಬಾಕ್ಸಿಗೆ ತಿಳಿಸಲು ಎರಡು ಬಿಡಿ ವೈರ್. ಪುಸ್ತಕದಲ್ಲಿ ಒಂದೇ ಸಾಲು: ಕಂದು ಮುಂದಿನ ಕಾಯಿಲಿಗೆ, ಹಸಿರು ಹಿಂದಿನದಕ್ಕೆ.

ಮೀಟರ್ ಹಿಡಿದು ನೋಡಿದೆ. ಎರಡೂ ಒಂದೇ ತೋರಿಸುತ್ತವೆ. ಬಾಕ್ಸ್ ಬಿಚ್ಚೋಣವೆಂದರೆ ಒಳಗೆಲ್ಲ ರಾಳ ಸುರಿದು ಮುಚ್ಚಿದ್ದಾರೆ.

ಅದಲುಬದಲಾದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ. ಅದೇ ಭಯ. ಹಿಂದಿನ ಸಿಲಿಂಡರಿಗೆ ಗಾಳಿ ತಾಗುವುದು ಕಡಿಮೆ, ಪೆಟ್ರೋಲ್ ಹೆಚ್ಚು ಬೇಕು. ಬಾಕ್ಸ್ ಗುರುತು ತಪ್ಪಿ ಆ ಹೆಚ್ಚಿನದನ್ನು ಮುಂದಿನದಕ್ಕೆ ಕೊಟ್ಟರೆ ಹಿಂದಿನದು ಒಣಗಿ ಕಾಯುತ್ತದೆ... ಪೂರ್ತಿ ವೇಗದಲ್ಲಿ ಪಿಸ್ಟನ್ ಹಿಡಿದುಕೊಂಡರೆ ಚಕ್ರ ಗಕ್ಕನೆ ನಿಲ್ಲುತ್ತದೆ. ಮೇಲಿರುವವಳು ನಿಲ್ಲುವುದಿಲ್ಲ.

ಹೆಂಡತಿಗೆ ಫೋನ್ ಮಾಡಿದೆ. ನನ್ನದು ಹಳೇ ಬಟನ್ ಫೋನ್, ಫೋಟೋ ಕಳಿಸುವ ಮಾತೇ ಇಲ್ಲ.

"ಒಂದೇ ಒಂದು ಪ್ರಶ್ನೆ ರೀ. ಯಾರನ್ನಾದ್ರೂ ಕೇಳಿ."

"ಕೇಳಿದ್ರೆ ಮುಗೀತು ನನ್ನ ಕಥೆ."

"ಆ ಹುಡುಗಿ ಕಥೆ?"

ಲೈನ್ ಸರಿಯಿಲ್ಲ ಎಂದು ಕಟ್ ಮಾಡಿದೆ. ಲೈನ್ ಸರಿಯಾಗಿಯೇ ಇತ್ತು.

ಮಾರ್ಚ್ 12, ಗುರುವಾರ. ಸಂಜೆ 7

ಉಪಾಯ ಹೊಳೆಯಿತು. ಎರಡೂ ವೈರಿನ ತುದಿಯಿಂದ ಚೂರು ಚೂರು ಕತ್ತರಿಸಿಕೊಂಡು ಪಕ್ಕದ ಟೈಲರಮ್ಮನ ಅಂಗಡಿಗೆ ಹೋದೆ. "ಇವೆರಡಕ್ಕೂ ಹೊಂದೋ ದಾರ ಕೊಡಿ. ಬಣ್ಣದ ಹೆಸರೂ ಹೇಳಿ, ಬರ್ಕೋಬೇಕು."

ಪಾಪ, ಬೆಳಕಿಗೆ ಹಿಡಿದು ನೋಡಿದರು. "ಇದು ಕಂದು, ಇದು ಹಸಿರು. ಅಷ್ಟೂ ಗೊತ್ತಾಗಲ್ವಾ?"

ಗೆದ್ದೆ ಎಂದು ಒಂದೊಂದು ಮುಷ್ಟಿಯಲ್ಲಿ ಒಂದೊಂದು ಚೂರು ಹಿಡಿದು ಓಡಿ ಬಂದೆ. ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈ ಬಿಚ್ಚಿದೆ. ಇದು ಕಂದು. ಇದು ಹಸಿರು. ಸರಿ... ಯಾವ ಚೂರು ಯಾವ ವೈರಿನದು?

ಎರಡನ್ನೂ ಒಂದೇ ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಒಂದನ್ನು ಉದ್ದ, ಇನ್ನೊಂದನ್ನು ಗಿಡ್ಡ ಕತ್ತರಿಸುವಷ್ಟೂ ಬುದ್ಧಿ ಇರಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಆಮೇಲೆ ನಗು. ಆಮೇಲೆ ಎರಡೂ ಅಲ್ಲ.

ಮತ್ತೆ ಹೋಗುವ ಹಾಗಿಲ್ಲ. ಆಕೆ ಆಗಲೇ ಮಾವನಿಗೆ ಹೇಳಿ ನಗಿಸಿದ್ದಾರೆ. "ನಿಮ್ಮಳಿಯ ವೈರಿಗೂ ಮ್ಯಾಚಿಂಗ್ ದಾರ ಹುಡುಕ್ತಾರೆ!" ಮಾವ ಹೆಮ್ಮೆಯಿಂದ, "ಅವನ ಕೆಲಸ ಅಂದ್ರೆ ಹಾಗೆ," ಎಂದರು. ಆ ಹೆಮ್ಮೆಯೇ ನನ್ನ ಬಾಯಿಗೆ ಬೀಗ.

ಮಾರ್ಚ್ 13, ಶುಕ್ರವಾರ

ಜೋಡಿಸಿದೆ. ಅಂದಾಜಿಗೆ. ಸ್ಟಾರ್ಟ್ ಆಯಿತು. ಮಾವ ಬೆನ್ನು ತಟ್ಟಿದರು.

ಮಾರ್ಚ್ 14, ಶನಿವಾರ. ಸಂಜೆ 5

ಪ್ರಾಕ್ಟೀಸ್. ಹದಿನೆಂಟು ಸುತ್ತು. ಮಾವನ ಮಗಳು ಪ್ರತಿ ಸಲ ನನ್ನ ಮುಂದೆ ಹಾದಾಗಲೂ ಉಸಿರು ಬಿಟ್ಟೆ, ಮತ್ತೆ ಹಿಡಿದೆ.

ಇಳಿದವಳೇ, "ಭಾವ, ಹಿಂದಿನ ಸಿಲಿಂಡರ್ ತೊಡೆ ಸುಡ್ತಿದೆ," ಎಂದಳು.

"ಯಾವಾಗಲೂ ಸುಡುತ್ತೆ. ಬಿಸಿಲು ನೋಡು," ಎಂದರು ಮಾವ.

ನಿಜ, ಯಾವಾಗಲೂ ಸುಡುತ್ತದೆ. ವೈರ್ ಬದಲಿಸಲೇ? ಈಗ ಸರಿಯಿದ್ದರೆ ಬದಲಿಸಿ ನಾನೇ ಕೆಡಿಸಿದಂತೆ. ಬಿಟ್ಟರೂ ಕಷ್ಟ, ಮುಟ್ಟಿದರೂ ಕಷ್ಟ. ನೀರಿನ ಬಾಟಲಿ ಕೊಟ್ಟೆ. "ನೀವಿದ್ರೆ ನಂಗೆ ಚಿಂತೆ ಇಲ್ಲ ಭಾವ," ಎಂದಳು. ಎರಡು ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚ್ 15, ಭಾನುವಾರ. ಬೆಳಿಗ್ಗೆ 10.40. ಟ್ರ್ಯಾಕ್ ಪಕ್ಕದ ಶೆಡ್

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ರೇಸಿಗೆ ಅರ್ಧ ಗಂಟೆ ಇತ್ತು. ಅವಳು ಹೆಲ್ಮೆಟ್ ಹಾಕಿ ಗ್ಲೌಸ್ ಎಳೆದುಕೊಳ್ಳುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. ಸೀಟ್ ಬಿಚ್ಚಿ ಟೇಪ್ ಸುಲಿದು ಕರೆದೆ.

"ಇದರಲ್ಲಿ ಹಸಿರು ಯಾವುದು?"

ನಕ್ಕಳು. "ಏನ್ ಭಾವ, ಪರೀಕ್ಷೆನಾ?"

"ನಂಗೆ ಬಣ್ಣ ಕಾಣಲ್ಲ. ಹುಟ್ಟಿದಾಗಿಂದ. ಹಸಿರು ಯಾವುದು ಹೇಳು."

ನಗು ನಿಂತಿತು. ಬಗ್ಗಿ ಎಡಗಡೆಯದನ್ನು ಮುಟ್ಟಿದಳು. ಎಡಗಡೆಯದು ಮುಂದಿನ ಕಾಯಿಲಿಗೆ ಹೋಗಿತ್ತು. ಅಂದರೆ ಅದಲುಬದಲು.

ತಲೆಯೆತ್ತಿದರೆ ಮಾವ. ಎಲ್ಲ ಕೇಳಿಸಿಕೊಂಡಿದ್ದರು. ಪಾನಾ ತೆಗೆದುಕೊಂಡು ಹಿಂದಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ತಮ್ಮ ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ನನ್ನ ಮುಖದ ಮುಂದೆ ಹಿಡಿದರು.

"ಈ ಬಣ್ಣ ಕಾಣುತ್ತಾ?"

ಕಂಡಿತು. ಸುಣ್ಣದಷ್ಟು ಬಿಳಿ. ಪೆಟ್ರೋಲ್ ಸಾಲದೆ ಬೆಂದ ಪ್ಲಗ್. ಪಿಸ್ಟನ್ ಇನ್ನೆಷ್ಟು ಸುತ್ತು ತಾಳುತ್ತಿತ್ತೋ.

"ಹೆಲ್ಮೆಟ್ ತೆಗಿಯಮ್ಮ. ಇವತ್ತು ಬೇಡ," ಎಂದರು ಮಗಳಿಗೆ. ವರ್ಷವಿಡೀ ಇದೊಂದು ರೇಸಿಗೆ ಕಾದವಳು, ತೆಗೆದು ಟ್ಯಾಂಕಿನ ಮೇಲಿಟ್ಟಳು.

ಕಣ್ಣಿನ ವಿಷಯಕ್ಕೆ ಬೈಯುತ್ತಾರೆ ಎಂದುಕೊಂಡೆ. ಹದಿನಾಲ್ಕು ವರ್ಷ ಮೋಸ ಮಾಡಿದೆ, ಹೊರಡು, ಎನ್ನುತ್ತಾರೆ ಎಂದುಕೊಂಡೆ.

"ಮೊನ್ನೆ ಹೇಳಿದ್ರೆ ನಕ್ಕು ಸುಮ್ಮನಾಗ್ತಿದ್ದೆ ಕಣೋ. ನಿನ್ನೆ ಹದಿನೆಂಟು ಸುತ್ತು ಹೋದ್ಲು. ನೀನು ಎಣಿಸ್ತಾ ನಿಂತಿದ್ದೆ."

ಹೌದು. ನಿಂತಿದ್ದೆ. ಇದಕ್ಕೆ ಯಾವ ಕಣ್ಣಿನ ನೆಪ ಹೇಳಲಿ?

ರೇಸ್ ಶುರುವಾಗಿದೆ. ಶೆಡ್ಡಿನ ತಗಡೆಲ್ಲ ಅದುರುತ್ತಿದೆ. ಮಾವ ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಾರೆ. ಅವಳು ಬೈಕಿನ ಪಕ್ಕ ನೆಲದ ಮೇಲೆ ಕೂತಿದ್ದಾಳೆ. ನಾನು ಹಾಕಿದ ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಎಳೆದೆಳೆದು ನೋಡುತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿದವಳಲ್ಲ.

ಹೋಗಿ ಹತ್ತಿರ ಕೂರಬೇಕು. ಹೋದರೆ ಎದ್ದು ಹೋಗಿಬಿಟ್ಟರೆ...

ಕರೆಯುತ್ತಿದ್ದಾಳೆ. ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಿಲ್ಲ, ತುಟಿ ಮಾತ್ರ ಕಾಣುತ್ತಿದೆ. ಈಗಲೂ ಭಾವ ಎಂದೇ. ಹೋಗುತ್ತೇನೆ.